ಮಣೆಯ ಮೇಲೆ ನಿಂತವರು

ನಮ್ಮ ಮನೆಯ ಗ್ರೈಂಡರಿಗೆ ಒಂದು ಚಾಳಿಯಿತ್ತು. ಓಡುತ್ತಿರುವಾಗ ಅದರ ಸ್ಟೀಲಿನ ಮೈ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. "ಚಪ್ಪಲಿ ಹಾಕಿಕೊಂಡು ರುಬ್ಬು" ಎಂದರು ಯಜಮಾನರು. "ಅಡಿಗೆಮನೆಗೆ ಚಪ್ಪಲಿಯೇ?" ಎಂದರು ಅತ್ತೆ. ಕೊನೆಗೆ ಊಟದ ಮಣೆಯೊಂದು ಗ್ರೈಂಡರಿನ ಮುಂದೆ ಬಂತು. ಅದರ ಮೇಲೆ ನಿಂತು ಎರಡು ವರ್ಷ ದೋಸೆಹಿಟ್ಟು ರುಬ್ಬಿದೆ. ಬಂದ ನೆಂಟರಿಗೂ "ಮಣೆ ಮೇಲೆ ನಿಂತ್ಕೊಳ್ಳಿ, ಶಾಕ್ ಹೊಡೆಯುತ್ತೆ" ಎಂದು ನಗುತ್ತಲೇ ಹೇಳುತ್ತಿದ್ದೆವು.

ಹೇಳದೆ ಬಿಟ್ಟದ್ದು ಒಬ್ಬಾಕೆಗೆ ಮಾತ್ರ. ಹೊಸದಾಗಿ ಕೆಲಸಕ್ಕೆ ಬಂದಾಕೆ ಒಂದು ಬೆಳಿಗ್ಗೆ ಮಣೆ ಎತ್ತಿಟ್ಟು ನೆಲ ಒರೆಸಿದ್ದಳು. ಒದ್ದೆಗಾಲಲ್ಲೇ ನಿಂತು, ಓಡುತ್ತಿದ್ದ ಗ್ರೈಂಡರಿನ ಮೇಲೆ ಒಂದು ಕೈ ಊರಿ, ಇನ್ನೊಂದು ಕೈಯಲ್ಲಿ ನಲ್ಲಿ ತಿರುಗಿಸಿದಳು. ಚೀರಿದ ಸದ್ದಿಗೆ ಓಡಿಬಂದರೆ, ಗೋಡೆಗೆ ಒರಗಿ ಕುಸಿದಿದ್ದಳು. ದೇವರು ದೊಡ್ಡವನು, ಕೈ ಬಿಟ್ಟುಹೋಗಿತ್ತು. ಸಾವರಿಸಿಕೊಂಡ ಮೇಲೆ ಆಕೆ ಕೇಳಿದ್ದು ಒಂದೇ ಮಾತು: "ನಿಮಗೆ ಮೊದಲೇ ಗೊತ್ತಿತ್ತೇನಮ್ಮಾ?"

ನಾನು ತಲೆ ತಗ್ಗಿಸಿದೆ.

ಸಂಜೆ ಬಂದ ಎಲೆಕ್ಟ್ರಿಷಿಯನ್ ಮೊದಲು ನೋಡಿದ್ದು ಪ್ಲಗ್ಗನ್ನು. ಮೂರು ಪಿನ್ನಿನದು ನಮ್ಮ ಹಳೆಯ ಸಾಕೆಟ್ಟಿಗೆ ಕೂರದೆಂದು ನಾವೇ ಎರಡು ಪಿನ್ನಿನದು ಹಾಕಿಸಿದ್ದೆವು. ಹಸಿರು ವೈರನ್ನು ಕತ್ತರಿಸಿ ಟೇಪು ಸುತ್ತಿತ್ತು. "ಜೀವ ಉಳಿಸುವ ವೈರನ್ನೇ ಕತ್ತರಿಸಿದ್ದೀರಲ್ಲ!" ಎಂದರು. ಮೋಟಾರಿನೊಳಗೆ ವೈರಿನ ಹೊದಿಕೆ ಸವೆದರೆ 230 ವೋಲ್ಟಿನ ಕರೆಂಟು ಲೋಹದ ಮೈಗೆ ಬರುತ್ತದೆ. ಹಸಿರು ವೈರಿದ್ದರೆ ಅದು ಆ ದಾರಿಯಲ್ಲಿ ಭೂಮಿಗಿಳಿದು ಫ್ಯೂಸು ಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವರೇ ದಾರಿ. ಕಬ್ಬಿಣದ ನಲ್ಲಿಯನ್ನೂ ಹಿಡಿದರೆ ಕೈಯಿಂದ ಕೈಗೆ ಎದೆಯ ಮೂಲಕವೇ ಹಾಯುತ್ತದೆ.

ಗ್ರೈಂಡರ್ ರಿಪೇರಿಯಾಯಿತು, ಮೂರು ಪಿನ್ನಿನ ಸಾಕೆಟ್ಟು ಬಂತು. ಹಿತ್ತಿಲಿನ ಅರ್ತಿಂಗ್ ಗುಂಡಿ ಒಣಗಿ ಬಿರಿದಿತ್ತು. ಈಗ ಬೇಸಿಗೆಯಲ್ಲಿ ತುಳಸಿಯ ಜೊತೆ ಅದಕ್ಕೂ ಒಂದು ಕೊಡ ನೀರು. ಮೀಟರಿನ ಪಕ್ಕ ಆರ್‌ಸಿಸಿಬಿ ಎಂಬ ಸ್ವಿಚ್ಚೂ ಕೂತಿದೆ. ಫ್ಯೂಸು ಹೋಗಲು ಆಂಪಿಯರುಗಟ್ಟಲೆ ಕರೆಂಟು ಹರಿಯಬೇಕು. ಇದು 30 ಮಿಲಿ ಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡುವುದು ನನ್ನ ಕೆಲಸ.

ಮಣೆ ಮತ್ತೆ ಊಟಕ್ಕೆ ಹೋಯಿತು. ಯಾರಾದರೂ "ನಮ್ಮ ಫ್ರಿಜ್ ಸ್ವಲ್ಪ ಜುಮ್ಮೆನ್ನುತ್ತೆ, ಅಭ್ಯಾಸವಾಗಿದೆ" ಎಂದರೆ ಈಗ ನಗು ಬರುವುದಿಲ್ಲ. ಅಭ್ಯಾಸ ನಮಗಾಗಿರುತ್ತದೆ, ನಾಳೆ ಒದ್ದೆಗಾಲಲ್ಲಿ ಬಂದು ಮುಟ್ಟುವವರಿಗಲ್ಲ.