ಹೂವಿನ ಹಂಗಿಲ್ಲದ ಮನೆತನ

ಸನ್ಮಾನ ಸಮಾರಂಭದಲ್ಲಿ ಕೈಗಿಡುವ ಬೊಕೆಯಲ್ಲಿ ಎಲ್ಲರ ಕಣ್ಣು ಹೋಗುವುದು ಹೂವಿನ ಮೇಲೆ. ಹಿಂದೆ ನೆಟ್ಟಗೆ ನಿಂತ ಹಸಿರು ಗರಿಯನ್ನು ಯಾರೂ ಮಾತಾಡಿಸುವುದಿಲ್ಲ. ಅದು ಹೆಚ್ಚಾಗಿ ಸೈಕಸ್ಸಿನದು. ಹೂವೆಂಬುದು ಭೂಮಿಗೆ ಬರುವ ಎಷ್ಟೋ ಕೋಟಿ ವರ್ಷ ಮೊದಲೇ ಬೀಜ ಕಟ್ಟಿ ಬಾಳುತ್ತಿದ್ದ ವಂಶ ಅದರದು.

ನಮ್ಮ ಕಾಂಪೌಂಡಿನಲ್ಲೂ ಒಂದು ಸೈಕಸ್ ಇದೆ. “ಪೂಜೆಗೆ ನಾಲ್ಕು ಹೂ ಕೊಡದ ಗಿಡಕ್ಕೆ ದಿನಾ ನೀರು ಬೇರೆ ಕೇಡು” ಎಂದು ಅಮ್ಮನ ತಕರಾರು. ಎರಡು ದಾಸವಾಳದ ಜಾಗವನ್ನು ಅದು ನುಂಗಿದೆ ಎಂಬುದು ಅವಳ ಲೆಕ್ಕ. ನನಗೋ ಅದು ಚಿಗುರುವುದನ್ನು ನೋಡುವುದೇ ಹಬ್ಬ. ತಿಂಗಳುಗಟ್ಟಲೆ ಸುಮ್ಮನಿದ್ದು, ಇದ್ದಕ್ಕಿದ್ದಂತೆ ನೆತ್ತಿಯಿಂದ ಒಂದು ಸುತ್ತು ಗರಿ ಒಟ್ಟಿಗೇ ಏಳುತ್ತವೆ. ಎಳೆಯದರಲ್ಲಿ ಒಂದೊಂದು ಎಸಳೂ ಒಳಮುಖವಾಗಿ ಸುರುಳಿ ಸುತ್ತಿಕೊಂಡು ಮುಟ್ಟಿದರೆ ಮೆತ್ತಗೆ. ಬಿಚ್ಚಿಕೊಂಡು ಬಲಿತ ಮೇಲೆ ತುದಿ ಚುಚ್ಚುತ್ತದೆ.

ಸೈಕಸ್ಸಿನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪಕ್ಕದ ಬೀದಿಯಲ್ಲೊಂದು ಹೆಣ್ಣು ಗಿಡವಿದೆ. ಅದರ ನೆತ್ತಿಯಲ್ಲಿ ತುಪ್ಪಳ ಹೊದ್ದ ಕಂದು ಎಲೆಗಳು. ಅವುಗಳ ಅಂಚಿನಲ್ಲೇ ಕಿತ್ತಳೆಗೆಂಪು ಬೀಜಗಳು ಕೂತಿವೆ. ಹಣ್ಣಿಲ್ಲ, ಸುತ್ತ ಕಾಯಿಯ ಗೋಡೆಯೂ ಇಲ್ಲ. ಹೂವಿಲ್ಲದೆ ಬೀಜ ಕಟ್ಟುವ ಇಡೀ ಮನೆತನದ ಗುರುತೇ ಇದು. ಅದೇ ಮನೆತನದ ಪೈನ್, ದೇವದಾರು, ತೂಜಾಗಳು ಬೀಜವನ್ನು ಶಂಕುವಿನ ಪದರಗಳ ಮೇಲೆ ಬೆಳೆಸುತ್ತವೆ. ಸೈಕಸ್ ಬೀಜ ನೋಡಲು ಚೆಂದ, ತಿಂದರೆ ವಿಷ. ಆದರೂ ಪಶ್ಚಿಮಘಟ್ಟದ ಕಾಡು ಸೈಕಸ್ಸಿನ ಬೀಜವನ್ನು ನೀರಿನಲ್ಲಿ ಮತ್ತೆ ಮತ್ತೆ ನೆನೆಸಿ, ವಿಷ ಕಳೆದು, ಹಿಟ್ಟು ಮಾಡಿ ಉಂಡವರಿದ್ದಾರೆ. ಹಸಿವು ಕಲಿಸಿದ ಪಾಕಶಾಸ್ತ್ರ.

ಇವುಗಳ ಸಂಸಾರದ ಗುಟ್ಟು ರಟ್ಟಾದದ್ದು 1896ರಲ್ಲಿ, ಜಪಾನಿನಲ್ಲಿ. ಟೋಕಿಯೊ ವಿಶ್ವವಿದ್ಯಾಲಯಕ್ಕೆ ಚಿತ್ರ ಬರೆಯುವ ಕೆಲಸಕ್ಕೆಂದು ಸೇರಿದ್ದ ಹಿರಾಸೆ, ಗಿಂಕ್ಗೊ ಮರದ ಬೀಜಾಂಡವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ, ಒಳಗೆ ಗಂಡುಕಣ ಈಜುತ್ತಿದೆ! ಅದೇ ವರ್ಷ ಇಕೆನೊ ಎಂಬ ವಿಜ್ಞಾನಿ ಸೈಕಸ್ಸಿನಲ್ಲೂ ಅದನ್ನೇ ಕಂಡರು. ಈಜುವುದು ಹಾವಸೆ, ಜರೀಗಿಡಗಳ ಅಭ್ಯಾಸ. ಒಣನೆಲಕ್ಕೆ ಬಂದು ಬೀಜ ಕಟ್ಟಲು ಕಲಿತ ಮೇಲೂ ಸೈಕಸ್, ಗಿಂಕ್ಗೊಗಳು ಹಿರಿಯರ ಸಂಪ್ರದಾಯ ಬಿಡಲಿಲ್ಲ. ಬೀಜಾಂಡದೊಳಗೇ ಒಂದು ತೊಟ್ಟು ದ್ರವ ಇಟ್ಟುಕೊಂಡವು. ಪೈನ್‌ಗಳು ಆ ಗೊಡವೆಗೇ ಹೋಗದೆ ಗಂಡುಕಣವನ್ನು ನಳಿಕೆಯಲ್ಲಿ ಸೀದಾ ಮುಟ್ಟಿಸುತ್ತವೆ.

ಹೂ ಬಿಡುವ ಜಾತಿಗಳು ಸುಮಾರು ಮೂರು ಲಕ್ಷ. ಈ ಮನೆತನದವು ಸಾವಿರ ಚಿಲ್ಲರೆ. ಆದರೂ ಒಂದರಂತೆ ಒಂದಿಲ್ಲ. ಕ್ಯಾಲಿಫೋರ್ನಿಯಾದ ರೆಡ್‌ವುಡ್ 115 ಮೀಟರ್ ಎತ್ತರಕ್ಕೆ ಹೋಗುತ್ತದೆ. ನಮೀಬಿಯಾದ ಮರುಭೂಮಿಯ ವೆಲ್ವಿಚಿಯಾ ಎರಡೇ ಎಲೆಯಲ್ಲಿ ಶತಮಾನಗಳನ್ನು ದೂಡುತ್ತದೆ. ನಮ್ಮ ಘಟ್ಟದ ನೀಟಮ್ ಬಳ್ಳಿಯ ಅಗಲ ಎಲೆ ನೋಡಿದವರು ಅದನ್ನು ಈ ಮನೆತನಕ್ಕೆ ಸೇರಿಸಲಾರರು. ಪಿಟೀಲಿನ ಕಮಾನಿಗೆ ಉಜ್ಜುವ ರಾಳ, ಪೇಂಟರ್ ಬಳಸುವ ಟರ್ಪೆಂಟೈನ್, ಡ್ರೈಫ್ರೂಟ್ ಅಂಗಡಿಯ ದುಬಾರಿ ಚಿಲ್ಗೋಜಾ, ಎಲ್ಲ ಪೈನ್ ಮರಗಳ ಕೊಡುಗೆ.

ಗಂಡು ಬೇರೆ, ಹೆಣ್ಣು ಬೇರೆಯಾದರೆ ತಾಪತ್ರಯವೂ ಉಂಟು. 1895ರಲ್ಲಿ ಮೆಡ್ಲೆ ವುಡ್ ಎಂಬವರು ದಕ್ಷಿಣ ಆಫ್ರಿಕಾದ ಕಾಡಿನಲ್ಲಿ ಸೈಕಸ್ಸಿನ ದಾಯಾದಿಯೊಂದನ್ನು ಕಂಡರು. ಬರೀ ಗಂಡು. ಅದರ ಹೆಣ್ಣು ಇಂದಿಗೂ ಸಿಕ್ಕಿಲ್ಲ. ಜಗತ್ತಿನ ತೋಟಗಳಲ್ಲಿ ಇರುವುದೆಲ್ಲ ಆ ಒಂದೇ ಗಂಡಿನ ಬುಡದಿಂದ ಕಿತ್ತ ಮರಿಗಳು. ಅವುಗಳಲ್ಲೊಂದು 1899ರಲ್ಲಿ ಲಂಡನ್ನಿನ ಕ್ಯೂ ತೋಟ ಸೇರಿತು. ಅಲ್ಲಿ ಶಂಕು ಬಿಟ್ಟದ್ದು 2004ರಲ್ಲಿ! ಈಗ ಕಾಡಿನ ಮೇಲೆ ಡ್ರೋನ್ ಹಾರಿಸಿ ಹೆಣ್ಣು ಹುಡುಕುತ್ತಿದ್ದಾರೆ.

ಅಮ್ಮನಿಗೆ ಇಷ್ಟನ್ನೂ ಹೇಳಿದೆ. ಗಿಡದ ಸುದ್ದಿಯನ್ನು ಅವಳು ಅಷ್ಟು ಆಸ್ಥೆಯಿಂದ ಕೇಳಿದ್ದು ಅದೇ ಮೊದಲು. “ನಮ್ಮ ಕಡೆ ಅಡಿಕೆ ತೋಟದ ಹುಡುಗರದ್ದೂ ಇದೇ ಗತಿಯಲ್ಲವೇನೋ! ಆ ಡ್ರೋನು ಬಾಡಿಗೆಗೆ ಸಿಗುತ್ತದಾ ಕೇಳು” ಎಂದಳು.