ಮಗ್ಗದ ಮನೆಯ ಮೋಟಾರು

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ಹಿರಿಯರು ಹೇಳುವರು. ಕೋಶವನ್ನು ಓದಿಸುತ್ತಲೇ ಆಯುಷ್ಯವನ್ನು ಕಳೆದ ನನ್ನಂಥ ಶಾಲಾಮಾಸ್ತರನಿಗೆ ದೇಶವನ್ನು ಸುತ್ತುವ ಯೋಗವು ಒದಗಿದುದು ನಿವೃತ್ತನಾದ ಮೇಲೆಯೇ. ನನ್ನ ಮಗಳು ಜಪಾನಿನ ನಾಗೋಯಾ ಪಟ್ಟಣದಲ್ಲಿ ಉದ್ಯೋಗದಲ್ಲಿರುವಳು. ಅವಳ ಒತ್ತಾಯಕ್ಕೆ ಕಟ್ಟುಬಿದ್ದು, 2024ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ನಾನೂ ನನ್ನ ಮನೆಯವರೂ ಅಲ್ಲಿಗೆ ಹೋಗಿ ಇಪ್ಪತ್ತು ದಿವಸ ಇದ್ದು ಬಂದೆವು.

ಹೊರಡುವ ಮುನ್ನ ಗುಳೇದಗುಡ್ಡದಲ್ಲಿರುವ ಅಣ್ಣನನ್ನು ಕಂಡು ಬರಲು ಹೋಗಿದ್ದೆನು. ಅವನು ಅಂಗಳದ ಚಪ್ಪರದಲ್ಲಿ ನಿಂತಿರುವ ತನ್ನ ಹಳೆಯ ಕ್ವಾಲಿಸ್ ಬಂಡಿಯ ಮೇಲೆ ಕೈಯಿಟ್ಟು, “ತಮ್ಮಾ, ಈ ಗಾಡಿ ಮಾಡಿದ ಮಂದಿ ಮೊದಲ ಮಗ್ಗದವರಂತ. ಖರೇ ಏನು, ನೋಡಿ ಬಾ” ಎಂದನು. ಬೇರೇನನ್ನೂ ಅವನು ಬೇಡಲಿಲ್ಲ.

ಈ ಮಾತಿನ ತೂಕವು ವಾಚಕರಿಗೆ ತಿಳಿಯಬೇಕಾದರೆ ನಮ್ಮ ಮನೆಯ ಸಂಗತಿಯನ್ನು ಸ್ವಲ್ಪ ಹೇಳಬೇಕು. ನಾವು ನೇಕಾರರು. ಅಪ್ಪನು ಕುಣಿಮಗ್ಗದಲ್ಲಿ ಕುಳಿತು ಖಣ ನೇಯುತ್ತಿದ್ದನು. ಅವ್ವನು ಕಂಡಿಕೆ ಸುತ್ತುತ್ತಿದ್ದಳು. ಅಣ್ಣನು ಹತ್ತು ವರುಷದವನಿರುವಾಗಲೇ ಲಾಳಿ ಹಿಡಿದನು. ಮುಂದೆ ಊರಿಗೆ ವಿದ್ಯುತ್ತಿನ ಮಗ್ಗಗಳು ಬಂದುವು. ಅಪ್ಪನು ದಿನವೆಲ್ಲ ನೇಯುವುದನ್ನು ಅವು ಹೊತ್ತೇರುವುದರೊಳಗಾಗಿ ನೇಯುತ್ತಿದ್ದುವು. ಕೈಮಗ್ಗದ ಖಣಕ್ಕೆ ಕೇಳುವವರು ಕಡಿಮೆಯಾದರು. 1996ರಲ್ಲಿ ಅಪ್ಪನು ಮಗ್ಗವನ್ನು ನಿಲ್ಲಿಸಿದನು. “ಯಂತ್ರ ನಮ್ಮ ಕೈಯಾಗಿನ ತುತ್ತು ಕಸಗೊಂಡಿತು” ಎಂಬುದೊಂದೇ ಮಾತನ್ನು ಅವನು ಕಡೆಯವರೆಗೂ ಆಡುತ್ತಿದ್ದನು. ಅಣ್ಣನು ಪರರ ಜೀಪು ಓಡಿಸುವ ಕೆಲಸಕ್ಕೆ ಸೇರಿ, ಒಂಬತ್ತು ವರುಷ ಕೂಡಿಟ್ಟ ಹಣಕ್ಕೆ ಸಾಲವನ್ನೂ ಸೇರಿಸಿ, 2005ರಲ್ಲಿ ಹುಬ್ಬಳ್ಳಿಯಿಂದ ಒಂದು ಹಳೆಯ ಕ್ವಾಲಿಸನ್ನು ಕೊಂಡು ತಂದನು. ಮಗ್ಗದ ಕಂಬಗಳೇ ಆ ಬಂಡಿಯ ಚಪ್ಪರಕ್ಕೆ ಕಂಬಗಳಾದುವು. ಬದಾಮಿ, ಬನಶಂಕರಿ, ಸೊಲ್ಲಾಪುರ, ಪಂಢರಪುರಗಳಿಗೆ ಜನರನ್ನು ಕರೆದೊಯ್ದು ಅವನು ಗಳಿಸಿದ ಬಾಡಿಗೆಯ ಹಣದಲ್ಲಿಯೇ ನನ್ನ ಮಗಳ ಇಂಜಿನಿಯರಿಂಗ್ ಓದಿನ ಬಹುಭಾಗವು ನಡೆದಿತು.

ನಮ್ಮ ನಾಡಿನಲ್ಲಿ ಕ್ವಾಲಿಸನ್ನು ಕಾಣದವರು ವಿರಳ. 1997ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯು ಬೆಂಗಳೂರು-ಮೈಸೂರು ದಾರಿಯ ಬಿಡದಿಯಲ್ಲಿ ಕಾರಖಾನೆಯನ್ನು ಕಟ್ಟಿ, 2000ದಲ್ಲಿ ಪೇಟೆಗೆ ತಂದ ಮೊದಲ ಬಂಡಿಯಿದು. ಇಂಡೋನೇಷ್ಯಾದ ಕಿಜಾಂಗ್ ಎಂಬ ಬಂಡಿಯ ವಂಶದ್ದು. ಕಿಜಾಂಗ್ ಎಂದರೆ ಆ ನಾಡಿನ ಮಾತಿನಲ್ಲಿ ಜಿಂಕೆ. ರೂಪದಲ್ಲಿ ಜಿಂಕೆಯ ಚೆಲುವೇನೂ ಇದಕ್ಕಿರಲಿಲ್ಲ. ಎಂಟು ಹತ್ತು ಮಂದಿಯನ್ನು ಹೊತ್ತು ಗೊಣಗದೆ ನಡೆಯುವ ಎತ್ತಿನ ಗುಣವಿದ್ದಿತು. 2005ರಲ್ಲಿ ಇದರ ಸ್ಥಾನಕ್ಕೆ ಇನ್ನೋವಾ ಬಂದಿತು. ಅಣ್ಣನ ಬಂಡಿಯು 2019ರ ವರೆಗೆ ಬಾಡಿಗೆಗೆ ಓಡಿ, ಐದು ಲಕ್ಷ ಕಿಲೋಮೀಟರಿನ ಗಡಿಯನ್ನು ದಾಟಿ, ಈಗ ಅವನಂತೆಯೇ ವಿಶ್ರಾಂತಿಯಲ್ಲಿರುವುದು.

ನಾಗೋಯಾದ ದೊಡ್ಡ ನಿಲ್ದಾಣದಿಂದ ಒಂದೇ ಸ್ಟೇಷನ್ನಿನ ದೂರದಲ್ಲಿ ಸಾಕೋ ಎಂಬ ಚಿಕ್ಕ ನಿಲ್ದಾಣವಿರುವುದು. ಅಲ್ಲಿಂದ ಸ್ವಲ್ಪ ನಡೆದರೆ ಕೆಂಪು ಇಟ್ಟಿಗೆಯ ಉದ್ದನೆಯ ಕಟ್ಟಡವು ಕಾಣುವುದು. 1911ರಲ್ಲಿ ಸಕಿಚಿ ಟೊಯೋಡಾ ಎಂಬವನು ಸ್ಥಾಪಿಸಿದ ನೇಯ್ಗೆಯ ಕಾರಖಾನೆಯ ಸ್ಥಳವೇ ಇದು. 1994ರಿಂದ ಟೊಯೋಟಾ ಬಳಗದವರ ವಸ್ತುಸಂಗ್ರಹಾಲಯವಾಗಿರುವುದು. ಮೋಟಾರುಗಳನ್ನು ನೋಡುವೆನೆಂದು ಒಳಹೊಕ್ಕ ನನಗೆ ಮುಂಗಡೆಯ ಅಂಕಣದಲ್ಲಿಯೇ ಎದುರಾದುದು ಒಂದು ಮಗ್ಗ! ಅದು ಸಕಿಚಿಯು 1906ರಲ್ಲಿ ಕಲ್ಪಿಸಿದ ವರ್ತುಲಾಕಾರದ ಮಗ್ಗ. ಅಣ್ಣನ ಪ್ರಶ್ನೆಗೆ ಉತ್ತರವು ಹೊಸ್ತಿಲಿನಲ್ಲಿಯೇ ದೊರೆತಂತಾಯಿತು.

ಸಕಿಚಿಯು ಹುಟ್ಟಿದುದು 1867ರಲ್ಲಿ, ಈಗಿನ ಕೊಸಾಯಿ ಪಟ್ಟಣಕ್ಕೆ ಸೇರಿದ ಒಂದು ಹಳ್ಳಿಯಲ್ಲಿ. ತಂದೆಯು ಬಡಗಿ, ತಾಯಿಯು ಮನೆಯಲ್ಲಿ ನೇಯುವವಳು. ಆ ತಾಯಿಯ ಶ್ರಮವನ್ನು ನೋಡುತ್ತ ಬೆಳೆದ ಮಗನು, ಒಂದೇ ಕೈಯಿಂದ ನಡೆಯಿಸಬಲ್ಲ ಕಟ್ಟಿಗೆಯ ಕೈಮಗ್ಗವೊಂದನ್ನು 1890ರಲ್ಲಿ ಮಾಡಿ, ಮರುವರ್ಷ ಅದಕ್ಕೆ ಸನ್ನದನ್ನು ಪಡೆದನು. ಆ ಮಗ್ಗದ ಮುಂದೆ ನಾನು ಬಹಳ ಹೊತ್ತು ನಿಂತೆನು. ಲಾಳಿ, ಹಣಿಗೆ, ಹಾಸಿನ ಎಳೆಗಳು ಎಲ್ಲವೂ ನನಗೆ ಗುರುತಿನವು. ನಮ್ಮ ಅವ್ವನು ಇದನ್ನು ಕಂಡಿದ್ದರೆ ಯಾರಿಗೂ ಕೇಳದೆ ಹೋಗಿ ಕುಳಿತು ನೇಯಲಾರಂಭಿಸುತ್ತಿದ್ದಳು.

ಅಲ್ಲಿಂದ ಮುಂದಿನ ಹೆಜ್ಜೆ 1896ರ ಉಗಿಶಕ್ತಿಯ ಮಗ್ಗ. ಅದಕ್ಕೂ ಮುಂದಿನದು 1924ರ ‘ಜಿ’ ಮಾದರಿಯ ಸ್ವಯಂಚಾಲಿತ ಮಗ್ಗ. ಇದನ್ನು ಇಂದಿಗೂ ಅಲ್ಲಿ ನಡೆಯಿಸಿ ತೋರಿಸುವರು. ಹಾಸಿನ ಒಂದೊಂದು ಎಳೆಗೂ ಒಂದೊಂದು ತೆಳುವಾದ ಲೋಹದ ಪಟ್ಟಿಯು ಜೋತುಬಿದ್ದಿರುವುದು. ಎಳೆಯು ಬಿಗಿಯಾಗಿರುವ ತನಕ ಪಟ್ಟಿಯು ಮೇಲೆ ನಿಲ್ಲುವುದು. ಎಳೆ ಕಡಿದೊಡನೆ ಕೆಳಕ್ಕೆ ಬೀಳುವುದು. ಬಿದ್ದ ಪಟ್ಟಿಯು ಯಂತ್ರದ ಚಲನೆಗೆ ಅಡ್ಡವಾಗಿ ಮಗ್ಗವೇ ನಿಂತುಬಿಡುವುದು. ಅಲ್ಲಿಯ ಕೆಲಸಗಾರ್ತಿಯು ನಸುನಗುತ್ತ ಒಂದು ಎಳೆಯನ್ನು ಕತ್ತರಿಸಿದಳು. ಗಡಗಡ ಸದ್ದು ಥಟ್ಟನೆ ನಿಂತು ಮೌನವಾಯಿತು. ಆಕೆಯು ಎಳೆಗೆ ಗಂಟುಹಾಕಿದಳು. ಮಗ್ಗವು ಮತ್ತೆ ನಡೆಯಿತು. ಯಂತ್ರವನ್ನು ಎಡೆಬಿಡದೆ ಕಾಯುವ ಅಗತ್ಯವಿಲ್ಲದುದರಿಂದ ಒಬ್ಬಳೇ ಕೆಲಸಗಾರ್ತಿಯು 30 ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತೆಂದು ವಿವರಿಸಿದರು. ಉಳಿದ ಇಪ್ಪತ್ತೊಂಬತ್ತು ಮಂದಿ ಎಲ್ಲಿಗೆ ಹೋದರೆಂಬ ಪ್ರಶ್ನೆಯು ನನ್ನ ನಾಲಿಗೆಯ ತುದಿಗೆ ಬಂದಿತು. ನಮ್ಮ ಊರಿಗೆ ಬಂದ ವಿದ್ಯುನ್ಮಗ್ಗಗಳು ಈ ಮನೆಯವಲ್ಲ. ಆದರೂ ಕುಲವೊಂದೇ ಅಲ್ಲವೆ? ಅಪ್ಪನ ತುತ್ತನ್ನು ಕಸಿದುಕೊಂಡ ಕುಲದಲ್ಲಿಯೇ ಮೊಮ್ಮಗಳಿಗೆ ಓದಿಸಿದ ಬಂಡಿಯೂ ಹುಟ್ಟಿತೇ ಎಂದು ಮನಸ್ಸು ತೊಯ್ದಾಡಿತು.

ಈ ‘ಜಿ’ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಸಹೋದರರ ಕಂಪೆನಿಯು ಒಂದು ಲಕ್ಷ ಪೌಂಡಿಗೆ ಕೊಳ್ಳಲು ಒಪ್ಪಿತು. ಜಗತ್ತಿಗೆ ಮಗ್ಗದ ಯಂತ್ರಗಳನ್ನು ಮಾರುತ್ತಿದ್ದ ಇಂಗ್ಲೆಂಡು ಜಪಾನಿನ ಬಡಗಿಯ ಮಗನಿಂದ ವಿದ್ಯೆಯನ್ನು ಕೊಂಡಂತಾಯಿತು. ಆ ಹಣವೇ ಮೋಟಾರಿನ ಪ್ರಯೋಗಗಳಿಗೆ ಬೀಜಧನವಾಯಿತೆಂದು ಪ್ರತೀತಿಯುಂಟು. ಸಕಿಚಿಯು 1930ರಲ್ಲಿ ತೀರಿಕೊಂಡನು. ಮಗನಾದ ಕಿಇಚಿರೋ ಟೊಯೋಡಾನು 1933ರಲ್ಲಿ ಮಗ್ಗದ ಕಾರಖಾನೆಯೊಳಗೇ ಮೋಟಾರಿನ ಶಾಖೆಯೊಂದನ್ನು ತೆರೆದನು. ಅಮೇರಿಕೆಯ ಕಾರನ್ನು ಬಿಚ್ಚಿ ನೋಡಿ ಕಲಿತು, 1935ರಲ್ಲಿ ಮೊದಲ ಕಾರಿನ ಮಾದರಿಯನ್ನೂ ‘ಜಿ-1’ ಎಂಬ ಲಾರಿಯನ್ನೂ ಸಿದ್ಧಪಡಿಸಿದರು. ಆ ಮೊದಲ ಲಾರಿಗಳು ದಾರಿಯಲ್ಲಿ ಪದೇ ಪದೇ ಕೆಟ್ಟು ನಿಲ್ಲುತ್ತಿದ್ದುವು. ಕೊಂಡವರ ಬಳಿಗೆ ಹೋಗಿ ರಿಪೇರಿ ಮಾಡಿಕೊಡುವುದೂ, ಕೆಟ್ಟುದೇಕೆಂದು ಶೋಧಿಸಿ ತಿದ್ದುವುದೂ ಅವರಿಗೆ ನಿತ್ಯದ ವ್ರತವಾಯಿತು.

ಟೊಯೋಡಾ ಎಂದರೆ ಸಮೃದ್ಧವಾದ ಗದ್ದೆ. 1936ರಲ್ಲಿ ಲಾಂಛನದ ಸ್ಪರ್ಧೆಯೊಂದನ್ನು ನಡೆಯಿಸಿದ ಮೇಲೆ ಬಂಡಿಗೆ ಟೊಯೋಟಾ ಎಂಬ ಹೆಸರು ನಿಂತಿತು. ಜಪಾನೀ ಲಿಪಿಯಲ್ಲಿ ಹೀಗೆ ಬರೆಯಲು ಎಂಟೇ ಗೆರೆಗಳು ಸಾಕು; ಎಂಟು ಆ ಜನರಿಗೆ ಶುಭಸಂಖ್ಯೆ. 1937ರಲ್ಲಿ ಮೋಟಾರಿನ ಕಂಪೆನಿಯು ಬೇರೆಯಾಗಿ ಸ್ಥಾಪಿತವಾಯಿತು.

ಮರುವಾರ ಮಗಳೊಡನೆ ರೈಲನ್ನೇರಿ ಸುಮಾರು ಒಂದು ತಾಸಿನ ದಾರಿಯ ಟೊಯೋಟಾ ಪಟ್ಟಣವನ್ನೂ ನೋಡಿಬಂದೆನು. ಇದರ ಹಳೆಯ ಹೆಸರು ಕೊರೊಮೊ. ಆ ಶಬ್ದದ ಉಚ್ಚಾರಕ್ಕೆ ಜಪಾನೀ ಭಾಷೆಯಲ್ಲಿ ಉಡುಪು ಎಂಬ ಅರ್ಥವೂ ಇರುವುದೆಂದು ಮಗಳು ಹೇಳಿದಾಗ ನೇಕಾರನಾದ ನನಗೆ ರೋಮಾಂಚವಾಯಿತು. ರೇಷ್ಮೆಯ ಗೂಡಿನ ವ್ಯಾಪಾರದಿಂದ ಬಾಳಿದ ಊರದು. ಆ ವ್ಯಾಪಾರವು ಬಿದ್ದುಹೋಗಲು ಊರೂ ಬಡವಾಯಿತು. ಊರ ಹೊರಗಿನ ಬಂಜರು ಬಯಲಿನಲ್ಲಿ 1938ರಲ್ಲಿ ಮೋಟಾರಿನ ಕಾರಖಾನೆಯು ತೆರೆಯಿತು. 1959ರಲ್ಲಿ ಊರೇ ತನ್ನ ಹೆಸರನ್ನು ಬದಲಿಸಿಕೊಂಡಿತು. ಅಗಲವಾದ ಬೀದಿಗಳು, ಹೊಳೆ, ಸೇತುವೆ, ಉದುರುತ್ತಿದ್ದ ಸಕುರಾ ಹೂವಿನ ಎಸಳುಗಳು. ನೋಟಕ್ಕೆ ಶಾಂತವಾದ ಪಟ್ಟಣ. ಆದರೆ ಆ ಶಾಂತಿಯು ಪುಕ್ಕಟೆಯಾಗಿ ದೊರೆತುದಲ್ಲ. 1950ರಲ್ಲಿ ಕಂಪೆನಿಯು ಸಾಲದಲ್ಲಿ ಮುಳುಗಿ, ಮುಷ್ಕರವು ನಡೆದು, ಸುಮಾರು 2000 ಮಂದಿ ಕೆಲಸವನ್ನು ಬಿಡಬೇಕಾಯಿತು. ಅದರ ಹೊಣೆಯನ್ನು ಹೊತ್ತು ಕಿಇಚಿರೋನೂ ಅಧ್ಯಕ್ಷಪದವಿಯನ್ನು ತ್ಯಜಿಸಿದನು. 1952ರಲ್ಲಿ, ಐವತ್ತೇಳರ ವಯಸ್ಸಿನಲ್ಲಿ, ಅಸುನೀಗಿದನು. ಎಳೆ ಕಡಿದ ಬಾಳುಗಳು ಗುಳೇದಗುಡ್ಡದಲ್ಲಿ ಮಾತ್ರವೇ ಇರುವುದಲ್ಲವೆಂದು ಆಗ ನನಗೆ ತೋರಿತು.

ಎಳೆ ಕಡಿದರೆ ನಿಲ್ಲಬೇಕೆಂಬ ಮಗ್ಗದ ನೀತಿಯನ್ನೇ ಈ ಜನರು ಮೋಟಾರಿನ ಕಾರಖಾನೆಗೂ ತಂದರು. ಸಾಲಿನಲ್ಲಿ ಬಂಡಿಗಳು ಸಾಗುತ್ತಿರುವಾಗ ಎಲ್ಲಿಯಾದರೂ ದೋಷ ಕಂಡರೆ, ಅತಿ ಕಿರಿಯ ಕೆಲಸಗಾರನೂ ಹಗ್ಗವನ್ನೆಳೆದು ಕೂಗಬಹುದು. ದೋಷವು ಒಡನೆಯೇ ಪರಿಹಾರವಾಗದಿದ್ದರೆ ಸಾಲೇ ನಿಲ್ಲುವುದು. ಇದನ್ನು ‘ಜಿದೋಕಾ’ ಎನ್ನುವರು. ಸ್ವಯಂಚಲನೆ ಎಂಬ ಮಾತಿಗೆ ಮನುಷ್ಯನ ಗುರುತಿನ ಗೆರೆಗಳೆರಡನ್ನು ಸೇರಿಸಿ ಬರೆಯುವುದು ಇದರ ವಿಶೇಷ.

ಇದನ್ನು ಕೇಳಿದಾಗ ನನಗೆ ನೆನಪಾದುದು 2011ರ ಒಂದು ಮುಂಜಾವು. ಅಣ್ಣನು ಮದುವೆಯ ಮಂದಿಯನ್ನು ಕರೆದುಕೊಂಡು ಲೋಕಾಪುರದ ದಾರಿಯಲ್ಲಿದ್ದನು, ನಾನೂ ಜೊತೆಯಲ್ಲಿದ್ದೆನು. ಉಷ್ಣತೆಯನ್ನು ತೋರಿಸುವ ಮುಳ್ಳು ತುಸುವೇ ಮೇಲೇರಿತು. ಅಣ್ಣನು ಬಂಡಿಯನ್ನು ಬದಿಗೆ ನಿಲ್ಲಿಸಿಬಿಟ್ಟನು. ನೀರಿನ ರಬ್ಬರು ಕೊಳವೆಯು ಸೀಳಿದ್ದಿತು. ಕಾಲಕ್ಕೆ ಸರಿಯಾಗಿ ಅದನ್ನು ಬದಲಿಸದಿದ್ದುದು ನಮ್ಮದೇ ಉದಾಸೀನ. “ಮುಹೂರ್ತ ಮೀರುತ್ತದೆ, ಇನ್ನು ನಾಲ್ಕೇ ಮೈಲಿ, ನಡೆಯಿಸು” ಎಂದು ಹಿರಿಯರು ಕೂಗಾಡಿದರು. ಅಣ್ಣನು ಮಿಸುಕಲಿಲ್ಲ. “ಎಳಿ ಹರದದ್ದು ಕಂಡ ಮ್ಯಾಲೆ ಮುಂದ ನೇಯಬಾರದ್ರಿ” ಎಂದು, ಬಂದ ಟೆಂಪೋ ಒಂದಕ್ಕೆ ಕೈಮಾಡಿ ಅವರನ್ನು ಹತ್ತಿಸಿ, ಬಾಡಿಗೆಯನ್ನೂ ಬಿಟ್ಟುಕೊಟ್ಟನು. ಅಂದು ನಡೆಯಿಸಿದ್ದರೆ ಇಂಜಿನ್ನು ಸುಟ್ಟುಹೋಗುತ್ತಿದ್ದಿತು. ಅದರೊಡನೆ ನನ್ನ ಮಗಳ ಓದೂ ನಿಲ್ಲುತ್ತಿದ್ದಿತೋ ಏನೋ. ಹದಿನಾಲ್ಕು ವರುಷ ಆ ಬಂಡಿಯು ಬಾಳಿದುದು ಮಾಡಿದವರ ಕುಶಲತೆಯಿಂದಷ್ಟೇ ಅಲ್ಲ, ನಡೆಯಿಸಿದವನು ನೇಕಾರನಾಗಿದ್ದನು.

ನೀತಿಯನ್ನು ಕಂಡುಹಿಡಿದವರೂ ಅದನ್ನು ಮರೆಯುವುದುಂಟು. 2009-10ರಲ್ಲಿ ವೇಗದ ಪೆಡಲು, ಕಾಲಡಿಯ ಚಾಪೆ ಇವುಗಳ ದೋಷದಿಂದ ಟೊಯೋಟಾ ಕಂಪೆನಿಯು ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಯಿಸಬೇಕಾಯಿತು. ಸಕಿಚಿಯ ಮರಿಮಗನಾದ ಅಕಿಯೊ ಟೊಯೋಡಾ ಅವರು 2010ರ ಫೆಬ್ರವರಿಯಲ್ಲಿ ಅಮೇರಿಕೆಯ ಶಾಸನಸಭೆಯ ಸಮಿತಿಯ ಮುಂದೆ ಕುಳಿತು, ತಮ್ಮ ಕಂಪೆನಿಯು ಅತಿ ವೇಗವಾಗಿ ಬೆಳೆದಿರಬಹುದೆಂದು ಒಪ್ಪಿ ಕ್ಷಮೆಯನ್ನು ಕೇಳಿದರು. ಗ್ರಾಹಕರನ್ನು ತಪ್ಪುದಾರಿಗೆಳೆದುದಕ್ಕಾಗಿ 2014ರಲ್ಲಿ ಕಂಪೆನಿಯು 120 ಕೋಟಿ ಡಾಲರು ದಂಡವನ್ನು ತೆರಲು ಸಮ್ಮತಿಸಿತು. ಕಡಿದ ಎಳೆಯನ್ನು ಕಂಡೂ ನೇಯ್ದರೆ ದೋಷವು ಬಟ್ಟೆಯುದ್ದಕ್ಕೂ ಹರಿಯುವುದೆಂಬುದನ್ನು ನಮ್ಮ ಅಪ್ಪನು ಅಕ್ಷರ ಬಾರದೆಯೇ ಬಲ್ಲವನಾಗಿದ್ದನು.

ಬಿಡದಿಯ ಕಾರಖಾನೆಯ ಹೆಸರಿನಲ್ಲಿರುವ ಇನ್ನೊಂದು ಮನೆತನವೂ ನಮಗೆ ಹೊರಗಿನದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದುದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯನ್ನಿಟ್ಟು, ಮುಂದೆ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ಮಾಡಿದವರು ಅವರು. ಒಬ್ಬನು ಮಗ್ಗ ಹಿಡಿದವನು, ಇನ್ನೊಬ್ಬರು ನೇಗಿಲು ಹಿಡಿದವರು. ಸಮವಯಸ್ಕರಾದ ಈ ಇಬ್ಬರ ಮನೆತನಗಳು ನೂರು ವರುಷಗಳ ತರುವಾಯ ನಮ್ಮ ನೆಲದಲ್ಲಿ ಕೂಡಿದುವು. ಅನ್ನ, ಬಟ್ಟೆ ಎರಡರ ಋಣವೂ ಆ ಬಂಡಿಯಲ್ಲಿದ್ದಿತೆಂದು ನಾನು ಭಾವಿಸುವೆನು.

ಊರಿಗೆ ಮರಳಿದೊಡನೆ ಅಣ್ಣನ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆನು. ಮಗಳು ಮೊಬೈಲಿನಲ್ಲಿ ತೆಗೆದುಕೊಟ್ಟಿದ್ದ ‘ಜಿ’ ಮಗ್ಗದ ಚಲಚ್ಚಿತ್ರವನ್ನೂ ತೋರಿಸಿದೆನು. ಅವನು ಕನ್ನಡಕವನ್ನೇರಿಸಿ ಮೂರು ಸಲ ನೋಡಿದನು.

“ಎಳಿ ಹರದರ ತಾನ ನಿಲ್ಲತೈತಿ?” ಎಂದನು.

“ತಾನೇ ನಿಲ್ಲುವುದು” ಎಂದೆನು.

“ಗಂಟು ಯಾರು ಹಾಕತಾರ?”

“ಆ ಹೆಣ್ಣುಮಗಳೇ, ಕೈಯಿಂದಲೇ ಹಾಕಬೇಕು.”

ಅಣ್ಣನು ಚಪ್ಪರದ ಕಂಬವನ್ನು, ನಮ್ಮ ಅಪ್ಪನ ಮಗ್ಗದ ಆ ಕಂಬವನ್ನು, ಒಮ್ಮೆ ನೇವರಿಸಿದನು. “ಹಂಗಾದ್ರ ಮಗ್ಗದವರು ಅನ್ನೋದು ಖರೇ” ಎಂದು ಎದ್ದು, ಬಂಡಿಯ ಮೇಲಿನ ಧೂಳನ್ನು ಒರೆಸಲು ಅರಿವೆಯನ್ನು ಹುಡುಕತೊಡಗಿದನು.