ಎಡಗಾಲಿನ ಊತ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರು ಆ ದೇಶವನ್ನು ನೋಡುವುದು ಹೆಚ್ಚಾಗಿ ಕೊನೆಯ ವಾರದಲ್ಲಿ. ಅಲ್ಲಿಯವರೆಗೆ ಅವರು ಕಂಡಿರುವುದು ಒಂದು ಅಡುಗೆಮನೆ, ಒಂದು ತೊಟ್ಟಿಲು, ಸಂಜೆ ನಾಲ್ಕು ಸುತ್ತು ಹಾಕುವ ಪಾರ್ಕು, ವಾರಕ್ಕೊಮ್ಮೆ ಇಂಡಿಯನ್ ಅಂಗಡಿ. ನಾವೂ ಹಾಗೆಯೇ ಸನ್ನಿವೇಲ್‌ನಲ್ಲಿ ಮಗಳ ಮನೆಯಲ್ಲಿ ಚಳಿಗಾಲ ಕಳೆದೆವು. ಊರಿಗೆ ಹೊರಡುವ ಮುಂಚೆ ಅಳಿಯ, "ಅತ್ತೆ, ಮಾವ, ನೀವಿಬ್ಬರೇ ಒಂದು ರಾತ್ರಿ ಉಳಿದು ಸಮುದ್ರ ನೋಡಿಕೊಂಡು ಬನ್ನಿ" ಎಂದು ಮಾಂಟೆರೆಯಲ್ಲಿ ರೂಮು ಮಾಡಿಸಿ ಕಾರಿನ ಕೀ ಕೊಟ್ಟರು. ನಮ್ಮ ಯಜಮಾನರು ಕೆ.ಇ.ಬಿ.ಯಲ್ಲಿ ಇಂಜಿನಿಯರಾಗಿದ್ದವರು, ಮಲೆನಾಡಿನ ರಸ್ತೆಗಳಲ್ಲಿ ಜೀಪು ಓಡಿಸಿ ಪಳಗಿದ ಕೈ. ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸಿಗರು ತಮ್ಮ ದೇಶದ ಲೈಸೆನ್ಸಿನಲ್ಲೇ ಗಾಡಿ ಓಡಿಸಬಹುದು. ಬಲಗಡೆ ಹೋಗುವ ರೂಢಿಯೂ ಅವರಿಗೆ ಅಷ್ಟು ತಿಂಗಳಲ್ಲಿ ಆಗಿತ್ತು.

2024ರ ಮಾರ್ಚ್ 30, ಶನಿವಾರ. ಮಾರನೆಯ ದಿನ ಈಸ್ಟರ್. ಮಳೆ ಇತ್ತು, ಆದರೆ ಹಾಸನ ಜಿಲ್ಲೆಯವರಿಗೆ ಮಳೆ ಪ್ರಯಾಣ ನಿಲ್ಲಿಸುವಂಥ ಕಾರಣವಲ್ಲ. ಮಾಂಟೆರೆಯ ಮೋಟೆಲಿನಲ್ಲಿ ಪೆಟ್ಟಿಗೆ ಇಟ್ಟು, ಕಾರ್ಮೆಲ್ ದಾಟಿ, ಒಂದನೇ ನಂಬರಿನ ಹೆದ್ದಾರಿ ಹಿಡಿದು ದಕ್ಷಿಣಕ್ಕೆ, ಬಿಗ್ ಸರ್ ಕಡೆಗೆ ಹೊರಟೆವು. ಬಿಗ್ ಸರ್ ಎಂದರೆ ಊರಲ್ಲ. ಸಾಂಟಾ ಲೂಸಿಯಾ ಬೆಟ್ಟಸಾಲು ನೇರವಾಗಿ ಪೆಸಿಫಿಕ್ ಸಾಗರಕ್ಕೆ ಇಳಿಯುವ ಉದ್ದನೆಯ ಕರಾವಳಿ. ಆ ಇಳಿಜಾರನ್ನೇ ಕೊರೆದು ರಸ್ತೆ ಮಾಡಿದ್ದಾರೆ. ಜೈಲಿನ ಕೈದಿಗಳನ್ನೂ ಕೆಲಸಕ್ಕೆ ಹಚ್ಚಿ, ವರ್ಷಗಟ್ಟಲೆ ಕಡಿದು, 1937ರಲ್ಲಿ ಮುಗಿಸಿದ ರಸ್ತೆ. ರಾಕಿ ಕ್ರೀಕ್ ಸೇತುವೆ, ಅದರ ಪಕ್ಕದಲ್ಲೇ ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಬಿಕ್ಸ್‌ಬಿ ಸೇತುವೆ, ಎರಡೂ 1932ರವು. ಮಂಜು, ಗಾಳಿ, ಕೆಳಗೆ ಬಂಡೆಗೆ ಅಪ್ಪಳಿಸುವ ನೀರು. ಮುಂದೆ ಫೈಫರ್ ಪಾರ್ಕಿನಲ್ಲಿ ಕೆಂಪು ತೊಗಟೆಯ ರೆಡ್‌ವುಡ್ ಮರಗಳ ಕೆಳಗೆ ಕೂತು, ಡಬ್ಬಿಯಲ್ಲಿ ತಂದಿದ್ದ ಚಿತ್ರಾನ್ನ ತಿಂದೆವು.

ಸಂಜೆ ಹಿಂದಿರುಗುವಾಗ ದಾರಿಯಲ್ಲಿ ಕಾರುಗಳ ಸಾಲು ನಿಂತಿತ್ತು. ಅಪಘಾತವಿರಬೇಕು ಅಂದುಕೊಂಡೆವು. ಬಹಳ ಹೊತ್ತಿನ ಮೇಲೆ ಹೆದ್ದಾರಿ ಪೊಲೀಸರೊಬ್ಬರು ಮಳೆಯಂಗಿಯಲ್ಲಿ ಒಂದೊಂದೇ ಕಾರಿನ ಕಿಟಕಿಗೆ ಬಗ್ಗಿ ಹೇಳುತ್ತಾ ಬಂದರು: ರಾಕಿ ಕ್ರೀಕ್ ಹತ್ತಿರ ರಸ್ತೆಯ ಒಂದು ಭಾಗ ಸಮುದ್ರಕ್ಕೆ ಬಿದ್ದಿದೆ, ಇವತ್ತು ಯಾರೂ ಹೋಗುವಂತಿಲ್ಲ, ವಾಪಸು ತಿರುಗಿಸಿ.

"ಇನ್ನೊಂದು ಕಡೆಯಿಂದ ಹೋಗೋಣ ಬಿಡೇ" ಎಂದರು ಇವರು. ನಮ್ಮಲ್ಲಿ ಶಿರಾಡಿ ಘಾಟಿ ಬಂದ್ ಆದರೆ ಚಾರ್ಮಾಡಿ, ಅದೂ ಆಗದಿದ್ದರೆ ಬಿಸಿಲೆ ಎಂದು ಯೋಚಿಸುವ ಅಭ್ಯಾಸ. ಅಲ್ಲಿ ಹಾಗಿಲ್ಲ. ದಕ್ಷಿಣದ ಕಡೆ 2023ರ ಜನವರಿಯಿಂದಲೇ ಪಾಲ್ಸ್ ಸ್ಲೈಡ್ ಎಂಬಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತ್ತು. ಬೆಟ್ಟ ದಾಟಿ ಒಳನಾಡಿಗೆ ಹೋಗುವ ರಸ್ತೆ ಆ ಕುಸಿತದ ಆಚೆಗಿತ್ತು. ಈಗ ಉತ್ತರವೂ ಮುಚ್ಚಿತು. ಈ ರಸ್ತೆಗೆ ಇದು ಹೊಸದಲ್ಲವಂತೆ. 2017ರ ಮೇ ತಿಂಗಳಲ್ಲಿ ಮಡ್ ಕ್ರೀಕ್‌ನಲ್ಲಿ ಬೆಟ್ಟವೇ ಜಾರಿ ರಸ್ತೆಯನ್ನು ಹೂತುಹಾಕಿತ್ತು. ಅಲ್ಲಿ ಮತ್ತೆ ವಾಹನ ಓಡಿದ್ದು 2018ರ ಜುಲೈನಲ್ಲಿ. 2021ರ ಜನವರಿಯಲ್ಲಿ ರ‍್ಯಾಟ್ ಕ್ರೀಕ್‌ನಲ್ಲಿ ನೀರು ರಸ್ತೆಯನ್ನೇ ಕೊಚ್ಚಿಕೊಂಡು ಹೋಗಿತ್ತು. ಇಷ್ಟೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಓದಿ.

ನಮ್ಮ ಹಾಗೆ ಸಿಕ್ಕಿಬಿದ್ದವರು ಸಾವಿರಕ್ಕೂ ಮೀರಿದ ಜನ. ಹೋಟೆಲು, ಲಾಡ್ಜುಗಳಲ್ಲಿ ಅಷ್ಟು ಜನಕ್ಕೆ ಎಲ್ಲಿ ರೂಮು? ಒಂದು ಲಾಡ್ಜಿನ ಹಾಲಿನಲ್ಲಿ ಜನರಿಗೆ ಮಲಗಲು ಜಾಗ ಮಾಡಿದ್ದಾರೆ ಎಂದರು. ಆದರೆ ರಸ್ತೆ ಯಾವ ಗಳಿಗೆಯಲ್ಲಿ ಬಿಡುತ್ತಾರೋ, ಸಾಲು ತಪ್ಪೀತು ಎಂದು ಇವರು ಕಾರು ಬಿಟ್ಟು ಬರಲು ಒಪ್ಪಲಿಲ್ಲ. ರಸ್ತೆ ಬದಿಯ ಸ್ವಲ್ಪ ಅಗಲವಾದ ಜಾಗದಲ್ಲಿ ಇತರ ಕಾರುಗಳ ನಡುವೆ ನಿಲ್ಲಿಸಿದೆವು. ಫೋನಿಗೆ ನೆಟ್‌ವರ್ಕ್ ಇಲ್ಲ. ಮಗಳಿಗೆ ಹೇಳುವ ದಾರಿಯಿಲ್ಲ. ಅವಳು ಟಿವಿಯಲ್ಲಿ ಮುರಿದ ರಸ್ತೆ ನೋಡಿ, ಕೈಮಗು ಎತ್ತಿಕೊಂಡು ರಾತ್ರಿಯಿಡೀ ಪೊಲೀಸರಿಗೆ ಫೋನು ಮಾಡಿದ್ದಳಂತೆ. ಮಾಂಟೆರೆಯಲ್ಲಿ ದುಡ್ಡು ಕೊಟ್ಟ ಹಾಸಿಗೆ ಖಾಲಿ ಬಿದ್ದಿತ್ತು, ಇವರ ಬಿ.ಪಿ. ಮಾತ್ರೆಯೂ ಅಲ್ಲೇ.

ಆ ರಾತ್ರಿಯನ್ನು ವರ್ಣಿಸಿ ಹೇಳಲು ಹೆಚ್ಚೇನಿಲ್ಲ. ಚಳಿ. ಹೀಟರ್ ಹಾಕಬೇಕೆಂದರೆ ಎಂಜಿನ್ ಓಡಬೇಕು, ಪೆಟ್ರೋಲು ಮುಗಿದರೆ ಬೆಳಿಗ್ಗೆ ಏನು ಗತಿ ಎಂದು ಆಗಾಗ ಸ್ವಲ್ಪ ಹೊತ್ತು ಹಾಕಿ ಆರಿಸುವುದು. ನನ್ನ ಶಾಲು ಇಬ್ಬರಿಗೂ ಸಾಲದು. ಹೆಂಗಸರಿಗೆ ದೊಡ್ಡ ಕಷ್ಟ ಶೌಚದ್ದು. ಅದಕ್ಕೆ ಹೆದರಿ ನಾನೂ ನೀರು ಕುಡಿಯಲಿಲ್ಲ, ಇವರೂ ಕುಡಿಯಲಿಲ್ಲ. ಪಕ್ಕದ ಕಾರಿನಲ್ಲಿದ್ದ ಮೆಕ್ಸಿಕನ್ ಕುಟುಂಬದ ಮಕ್ಕಳಿಗೆ ನಮ್ಮ ಕೋಡುಬಳೆ ಕೊಟ್ಟೆ. ಅವರಮ್ಮ ಒಂದು ದಪ್ಪ ಹೊದಿಕೆ ತಂದು ಕೊಟ್ಟಳು. ನಾನು ಹಿಂದಿನ ಸೀಟಿನಲ್ಲಿ ಮುದುಡಿ ಮಲಗಿದೆ. ಇವರು ಆರಡಿ ಆಳು, ಸ್ಟೀರಿಂಗಿನ ಹಿಂದೆ ಮೊಣಕಾಲು ಮಡಿಚಿಕೊಂಡು, ಸಾಲು ಅಲುಗಿದರೆ ತಕ್ಷಣ ಹೊರಡಬೇಕೆಂದು ಕೂತೇ ಇದ್ದರು. "ರೀ, ಸ್ವಲ್ಪ ಇಳಿದು ಓಡಾಡಿ" ಅಂದರೆ, "ಈ ಮಳೆಯಲ್ಲಿ ಎಲ್ಲಿಗೆ ಓಡಾಡಲಿ" ಎಂದರು. ಅದೂ ನಿಜವೇ.

ಭಾನುವಾರ ಇಂಜಿನಿಯರುಗಳು ಬಂದು ಪರೀಕ್ಷೆ ಮಾಡಿ, ಬೆಟ್ಟದ ಕಡೆಯ ಪಥ ಗಟ್ಟಿಯಿದೆ ಎಂದ ಮೇಲೆ, ಪೊಲೀಸ್ ಗಾಡಿ ಮುಂದೆ ಬಿಟ್ಟುಕೊಂಡು ಕಾರುಗಳನ್ನು ಗುಂಪುಗುಂಪಾಗಿ ದಾಟಿಸಿದರು. ನಮ್ಮ ಸರದಿ ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ನೋಡಬಾರದು ಅಂದುಕೊಂಡೂ ನೋಡಿದೆ. ಸಮುದ್ರದ ಕಡೆಯ ಪಥ ಅಂಚು ಕಚ್ಚಿದ ರೊಟ್ಟಿಯ ಹಾಗೆ ಒಳಕ್ಕೆ ಹೋಗಿತ್ತು. ದಕ್ಷಿಣಕ್ಕೆ ಹೋಗುವವರು ಸಮುದ್ರದ ಬದಿಯಲ್ಲಿ ಹೋಗಬೇಕು; ಅಂದರೆ ಹಿಂದಿನ ದಿನ ಬೆಳಿಗ್ಗೆ ನಮ್ಮ ಚಕ್ರ ಉರುಳಿದ್ದು ಈಗ ಇಲ್ಲದ ಆ ನೆಲದ ಮೇಲೆ. ಇವರು ಏನೂ ಮಾತಾಡದೆ ದಾಟಿಸಿದರು. ಮೋಟೆಲಿನ ಮುಂದೆ ಇಳಿಯುವಾಗ ಮಾತ್ರ, "ಎಡಗಾಲಿನ ಮೀನಖಂಡ ಹಿಡಿದುಕೊಂಡಿದೆ ಕಣೇ" ಎಂದರು.

ಮಗಳ ಮನೆಯಲ್ಲಿ ಎಲ್ಲರೂ ರಸ್ತೆಯ ಮಾತೇ ಆಡಿದರು. ಸತ್ತು ಬದುಕಿ ಬಂದಿರಿ ಎಂದು ಅವಳ ಸ್ನೇಹಿತರು ಬಂದು ನೋಡಿ ಹೋದರು. ಕಾಲಿನ ಮಾತು ಯಾರಿಗೂ ಬೇಕಿರಲಿಲ್ಲ, ಇವರಿಗೂ ಬೇಕಿರಲಿಲ್ಲ. ಎರಡು ಸಲ ಬಿಸಿನೀರಿನ ಶಾಖ ಕೊಟ್ಟಾಯಿತು. ಮಂಗಳವಾರ ವಿಮಾನ.

ನಮ್ಮ ಮಕ್ಕಳೆಲ್ಲ ಈಗ ಅಪ್ಪ ಅಮ್ಮನಿಗೆ ಟಿಕೆಟಿನ ಜೊತೆಗೇ ಗಾಲಿಕುರ್ಚಿಯನ್ನೂ ಬರೆಸುತ್ತಾರೆ. ನಡೆಯಲಾಗದೆ ಅಲ್ಲ, ದಾರಿ ತಪ್ಪಬಾರದು, ಇಂಗ್ಲಿಷಿನಲ್ಲಿ ತಡವರಿಸಬಾರದು, ಸಾಲಿನಲ್ಲಿ ನಿಲ್ಲಬಾರದು ಎಂದು. ನನಗಂತೂ ಇದು ಒಳ್ಳೆಯ ಪದ್ಧತಿ ಅನ್ನಿಸುವುದಿಲ್ಲ. ವಿಮಾನ ನಿಲ್ದಾಣದ ಉದ್ದುದ್ದ ಮೊಗಸಾಲೆಗಳಲ್ಲಿ ನಡೆಯುವುದೇ ಆ ಪ್ರಯಾಣದಲ್ಲಿ ಕಾಲಿಗೆ ಸಿಗುವ ಕೆಲಸ. ಅದನ್ನೂ ಕುರ್ಚಿ ಕಸಿದುಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ದುಬೈಗೆ ಹೆಚ್ಚುಕಡಿಮೆ 16 ಗಂಟೆ. ಇವರದು ಕಿಟಕಿಯ ಸೀಟು, ಪಕ್ಕದಲ್ಲಿ ನಾನು, ಆ ತುದಿಯಲ್ಲಿ ನಿದ್ದೆ ಹೋದ ಒಬ್ಬ ಹುಡುಗ. ಅವನನ್ನು ಎಬ್ಬಿಸಲು ಸಂಕೋಚ. ಎಬ್ಬಿಸಬಾರದೆಂದು ನೀರು ಕಡಿಮೆ. ದುಬೈಯಲ್ಲಿ ಮತ್ತೆ ಗಾಲಿಕುರ್ಚಿ, ಮತ್ತೆ ವಿಮಾನ, ದೇವನಹಳ್ಳಿಯಲ್ಲಿ ಇಳಿದು ಟ್ಯಾಕ್ಸಿ ಹತ್ತಿ ಹಾಸನಕ್ಕೆ. ಮನೆಯಲ್ಲಿ ಇವರು ಬೂಟು ಬಿಚ್ಚಲು ಹೋದರೆ ಬಲಗಾಲಿನದು ಬಂತು, ಎಡಗಾಲಿನದು ಬರಲಿಲ್ಲ.

ಮಾರನೆಯ ದಿನ ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಅಲ್ಲಿನ ವೈದ್ಯರು ಪ್ಯಾಂಟು ಮೇಲೆತ್ತಿಸಿ ನೋಡಲಿಲ್ಲ. ಅಮೆರಿಕದಿಂದ ಬಂದಿರಾ, ಹಾಗಾದರೆ ಪ್ರಯಾಣದ ಬಾವು, ಸ್ನಾಯು ಸೆಳೆತ, ಎಂದು ನೋವಿನ ಮಾತ್ರೆ, ಮುಲಾಮು ಬರೆದರು. ಎದುರು ಮನೆಯವರು ಬೆಚ್ಚಗೆ ಎಳ್ಳೆಣ್ಣೆ ಹಚ್ಚಿ ಚೆನ್ನಾಗಿ ನೀವಿಸಿ ಎಂದು ಎಣ್ಣೆಯನ್ನೂ ತಂದರು. ಮುಟ್ಟಿದರೆ ನೋಯುತ್ತಿದ್ದುದರಿಂದ ಇವರು ಬೇಡವೆಂದರು. ಪುಣ್ಯ. ಒಳಗೆ ಗಡ್ಡೆ ಕಟ್ಟಿದ ರಕ್ತವಿರುವಾಗ ತಿಕ್ಕಿ ನೀವಿದರೆ ಅದು ಕಿತ್ತುಕೊಂಡು ಮೇಲಕ್ಕೆ ಹೋಗಬಹುದು ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಅದು ಯಾರೂ ನೀವದೆಯೇ ಮೇಲಕ್ಕೆ ಹೋಗಿತ್ತು. ಶನಿವಾರ ಬೆಳಗಿನ ಜಾವ ಇವರು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಉಸಿರು ಒಳಗೆ ಎಳೆದರೆ ಪಕ್ಕೆಯಲ್ಲಿ ಚುಚ್ಚುತ್ತದೆ ಎಂದರು. ಮುಖದ ಮೇಲೆ ತಣ್ಣನೆಯ ಬೆವರು. ಮಂಚದ ಅಂಚಿನಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು. ಸಮುದ್ರದ ಮೇಲಿನ ಆ ಮುರಿದ ರಸ್ತೆಯಲ್ಲೂ ಹಿಡಿಯದ ಕೈ. ಪಕ್ಕದ ಮನೆಯ ಹುಡುಗ ಕಾರು ತೆಗೆದ. ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ಆಮ್ಲಜನಕ ಕಡಿಮೆ ತೋರಿಸಿತು. ಹೃದಯಾಘಾತವೆಂದುಕೊಂಡು ಇಸಿಜಿ ಮಾಡಿದರು. ಅಲ್ಲಿದ್ದ ಕಿರಿಯ ಡಾಕ್ಟರಮ್ಮ ಮಾತ್ರ ಎರಡೂ ಕಾಲನ್ನು ಅಕ್ಕಪಕ್ಕ ಇಟ್ಟು ಟೇಪು ಹಿಡಿದು ಅಳೆದಳು. "ಆಂಟಿ, ಇವರು ಈಚೆಗೆ ದೂರ ಪ್ರಯಾಣ ಮಾಡಿದ್ದರಾ?" ಎಂದು ಕೇಳಿದಳು. ಅಷ್ಟು ದಿನಗಳಲ್ಲಿ ಕಾಲನ್ನು ನೋಡಿ ಆ ಪ್ರಶ್ನೆ ಕೇಳಿದ್ದು ಆ ಹುಡುಗಿ ಒಬ್ಬಳೇ.

ಡಾಪ್ಲರ್ ಪರೀಕ್ಷೆಯಲ್ಲಿ ಕಾಲಿಗೆ ಜೆಲ್ ಹಚ್ಚಿ ಯಂತ್ರದಿಂದ ಒತ್ತುತ್ತಾ ಹೋಗುತ್ತಾರೆ. ಒತ್ತಿದರೆ ಸಿರೆ ಮುಚ್ಚಿಕೊಳ್ಳಬೇಕು. ಇವರದು ಮೊಣಕಾಲಿನ ಹಿಂದಿನಿಂದ ತೊಡೆಯವರೆಗೆ ಮುಚ್ಚಿಕೊಳ್ಳಲಿಲ್ಲ; ಒಳಗೆ ರಕ್ತ ಹೆಪ್ಪುಗಟ್ಟಿ ತುಂಬಿತ್ತು. ಅದಕ್ಕೆ ಡಿ.ವಿ.ಟಿ. ಎನ್ನುತ್ತಾರೆ. ಸಿ.ಟಿ. ತೆಗೆದಾಗ ಅದರ ಚೂರುಗಳು ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಕೂತಿರುವುದು ಕಂಡಿತು. ಇನ್ನೂ ದೊಡ್ಡ ಚೂರು ಹೋಗಿದ್ದರೆ ಬಚ್ಚಲಿನಿಂದ ಮಂಚದವರೆಗೂ ಬರುತ್ತಿರಲಿಲ್ಲ ಎಂದು ಹಿರಿಯ ವೈದ್ಯರು ನನಗೆ ನೇರವಾಗಿಯೇ ಹೇಳಿದರು.

ಅವರು ವಿವರಿಸಿದ್ದು ಇಷ್ಟು: ಹೃದಯ ರಕ್ತವನ್ನು ಕಾಲಿಗೆ ತಳ್ಳುತ್ತದೆ, ಕಾಲಿನಿಂದ ಮೇಲಕ್ಕೆ ಎತ್ತುವ ಕೆಲಸ ಬಹುಪಾಲು ಮೀನಖಂಡದ್ದು. ನಡೆದಾಗ ಅದು ಹಿಂಡಿ ಹಿಂಡಿ ಮೇಲಕ್ಕೆ ಕಳಿಸುತ್ತದೆ. ಗಂಟೆಗಟ್ಟಲೆ ಮೊಣಕಾಲು ಮಡಿಚಿ ಕೂತರೆ ರಕ್ತದ ಓಟ ನಿಧಾನವಾಗುತ್ತದೆ, ಗಡ್ಡೆ ಕಟ್ಟಬಹುದು. ವಯಸ್ಸಾದವರಿಗೆ, ದಪ್ಪಗಿರುವವರಿಗೆ, ಈಚೆಗೆ ಆಪರೇಷನ್ ಆದವರಿಗೆ, ಗರ್ಭಿಣಿ ಬಾಣಂತಿಯರಿಗೆ ಅಪಾಯ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ಅಧ್ಯಯನದ ಪ್ರಕಾರ 4 ಗಂಟೆಗೂ ಮೀರಿದ ಪ್ರಯಾಣದಿಂದ ಈ ಅಪಾಯ ಸುಮಾರು ಎರಡರಷ್ಟಾಗುತ್ತದೆ; ಆದರೂ ಅದು ತಗಲುವುದು ಸರಿಸುಮಾರು 6000 ಜನರಲ್ಲಿ ಒಬ್ಬರಿಗೆ. ವಿಮಾನವೇ ಆಗಬೇಕೆಂದಿಲ್ಲ, ಕಾರು, ಬಸ್ಸು, ರೈಲು ಯಾವುದಾದರೂ ಸರಿ. ನಮ್ಮ ಗಡ್ಡೆ ಬಿಗ್ ಸರ್‌ನ ಆ ರಾತ್ರಿ ಕಟ್ಟಿತೋ, ವಿಮಾನದಲ್ಲಿ ಕಟ್ಟಿತೋ ಹೇಳುವುದು ಯಾರಿಂದಲೂ ಆಗದು. ಎರಡೂ ಸೇರಿ ಕಟ್ಟಿದವು ಎಂದೇ ನನ್ನ ಲೆಕ್ಕ.

ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಜಾತಿಯ ಚುಚ್ಚುಮದ್ದು, ಮೂಗಿಗೆ ಆಮ್ಲಜನಕ, ಆಮೇಲೆ ತಿಂಗಳುಗಟ್ಟಲೆ ರಕ್ತ ಹೆಪ್ಪುಗಟ್ಟದ ಮಾತ್ರೆ. ಆ ಮಾತ್ರೆ ತಿನ್ನುವಾಗ ಗಡ್ಡ ಮಾಡಿಕೊಳ್ಳುವುದಕ್ಕೂ ಭಯ, ಕುಯ್ದರೆ ರಕ್ತ ಬೇಗ ನಿಲ್ಲುವುದಿಲ್ಲ. ಖರ್ಚಿನ ವಿಷಯ ಹೇಳಲೇಬೇಕು. ಅಮೆರಿಕಕ್ಕೆಂದು ಸಾಕಷ್ಟು ದುಡ್ಡು ಕೊಟ್ಟು ಮಾಡಿಸಿದ್ದ ಪ್ರವಾಸಿ ವಿಮೆ ನಾವು ಊರಿಗೆ ಬಂದಿಳಿದಾಗಲೇ ಮುಗಿದಿತ್ತು. ರೋಗ ಅಲ್ಲಿ ಹಿಡಿದದ್ದು ಎಂದರೂ ಕಂಪನಿ ಕೇಳಲಿಲ್ಲ. ಇಲ್ಲಿನ ವಿಮೆಯನ್ನು ಇವರು ನಿವೃತ್ತಿಯಾದ ಮೇಲೆ ಮಾಡಿಸಿರಲಿಲ್ಲ. ಪೂರ್ತಿ ಬಿಲ್ಲು ಉಳಿತಾಯದ ಖಾತೆಯಿಂದ ಹೋಯಿತು.

ಈಗ ಇವರು ಬೆಳಿಗ್ಗೆ ಸಂಜೆ ನಡೆಯುತ್ತಾರೆ. ಎಡಗಾಲು ಸಂಜೆಯ ಹೊತ್ತಿಗೆ ಇವತ್ತಿಗೂ ಸ್ವಲ್ಪ ಭಾರವಾಗುತ್ತದೆ, ಬಿಗಿ ಕಾಲುಚೀಲ ಹಾಕಿಕೊಳ್ಳಬೇಕು. ನೆಂಟರು ಬಂದಾಗ ಕೇಳುವುದು ಮಾತ್ರ ಸಮುದ್ರಕ್ಕೆ ಬಿದ್ದ ರಸ್ತೆಯ ಕಥೆಯನ್ನೇ. ಫೋಟೋ ಇದೆಯಾ ಎನ್ನುತ್ತಾರೆ. ಫೋಟೋ ನಾವು ತೆಗೆಯಲಿಲ್ಲ.

ಮಕ್ಕಳ ಮನೆಗೆ ಹೊರಟಿರುವ ಅಪ್ಪ ಅಮ್ಮಂದಿರೇ, ಸಾಲಿನ ತುದಿಯ ಸೀಟನ್ನೇ ಕೇಳಿ ಪಡೆಯಿರಿ, ಪಕ್ಕದವರನ್ನು ಎಬ್ಬಿಸಲು ನಾಚಬೇಡಿ, ನೀರು ಕುಡಿಯಿರಿ, ನಡೆಯಲು ಆಗುವವರು ಗಾಲಿಕುರ್ಚಿ ಬೇಡವೆನ್ನಿ. ಊರಿಗೆ ಬಂದ ಮೇಲೆ ಕೆಲವು ವಾರಗಳೊಳಗೆ ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಶಾಖ, ಎಣ್ಣೆ ಎಂದು ಕೂರದೆ ಆವತ್ತೇ ಆಸ್ಪತ್ರೆಗೆ ಹೋಗಿ, ಇಷ್ಟು ಗಂಟೆ ಪ್ರಯಾಣ ಮಾಡಿ ಬಂದಿದ್ದೇವೆ, ಡಾಪ್ಲರ್ ಬೇಕೇ ನೋಡಿ ಎಂದು ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಿ. ಉಸಿರಾಟಕ್ಕೆ ಕಷ್ಟವಾದರಂತೂ ಬೆಳಗಾಗಲಿ ಎಂದು ಕಾಯಬೇಡಿ.